ಇಪ್ಪತ್ತೇಳು ಡಿಗ್ರಿಯ ಮನೆ

ನಮ್ಮೂರಿನಲ್ಲಿ ಮನೆ ತೀರಾ ಬಿಸಿಯಾದರೆ ಹೀಟರ್ ಆರಿಸುವ ಪದ್ಧತಿ ಇಲ್ಲ. ಕಿಟಕಿ ತೆರೆಯುತ್ತೇವೆ. ಹೊರಗೆ ಹಿಮ ಬೀಳುತ್ತಿರಲಿ, ಗಾಳಿಯ ಹೊಡೆತಕ್ಕೆ ಬೀದಿನಾಯಿಗಳು ಅಡ್ಡಡ್ಡ ನಡೆಯುತ್ತಿರಲಿ, ಚಿಲಿ ದೇಶದ ದಕ್ಷಿಣ ತುದಿಯ ಈ ಪುಂತಾ ಅರೆನಾಸಿನ ಪ್ರತಿ ಮನೆಯಲ್ಲೂ ಒಂದು ಕಿಟಕಿ ಗೇಣಗಲ ತೆರೆದಿರುತ್ತದೆ. ಅದರ ಹಿಂದೆ ಒಬ್ಬ ಗಂಡಸು ಬನಿಯನ್ನಿನಲ್ಲಿ ಕೂತು ಕತ್ತಿನ ಬೆವರು ಒರೆಸಿಕೊಳ್ಳುತ್ತಿರುತ್ತಾನೆ. ನಮ್ಮ ಮನೆಯಲ್ಲಿ ಆ ಗಂಡಸಿನ ಹೆಸರು ಬಾಲ್ದೊಮೆರೊ. ನಲವತ್ತು ವರ್ಷದಿಂದ ನನ್ನ ಗಂಡ.

ಬಾಲ್ದೊಮೆರೊ ಸರ್ಕಾರಿ ಎಣ್ಣೆ ಕಂಪನಿಯ ಗ್ಯಾಸ್ ಬಾವಿಗಳಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ನೆಲದಡಿಯ ಗ್ಯಾಸನ್ನು ತಾನೇ ಹೆತ್ತು ಸಾಕಿದವನ ಹಾಗೆ ಮಾತಾಡುತ್ತಾನೆ. ಗ್ಯಾಸ್ ದರ ಏರಿಸುತ್ತೇವೆಂದು ರಾಜಧಾನಿಯವರು ಹೇಳಿದ ವರ್ಷ ಊರಿಗೆ ಊರೇ ರಸ್ತೆಗೆ ಬಂದು ಟೈರು ಸುಟ್ಟಿತು, ಮನೆಮನೆಗೂ ಕಪ್ಪು ಬಾವುಟ ಕಟ್ಟಿತು. ನಾನೂ ಪಾತ್ರೆ ಬಡಿದೆ, ಸುಳ್ಳು ಯಾಕೆ ಹೇಳಲಿ. ಅಂದಿನಿಂದ ಹೀಟರಿನ ಗುಂಡಿಯನ್ನು ಒಂದು ಸುತ್ತು ಕೆಳಗೆ ತಿರುಗಿಸುವುದೆಂದರೆ ಆ ಹೋರಾಟಕ್ಕೆ ಬಗೆದ ದ್ರೋಹ ಎಂದೇ ಅವನ ನಂಬಿಕೆ.

ಅತಿಥಿ ಸತ್ಕಾರವೂ ನಮ್ಮಲ್ಲಿ ಹೀಗೆಯೇ. ಬಂದವರು ಬಾಗಿಲಲ್ಲಿ ಕೋಟು ಕಳಚಬೇಕು, ಕೂತ ಮೇಲೆ ಸ್ವೆಟರ್ ಕಳಚಬೇಕು, ಆಮೇಲೆ ಕೆನ್ನೆ ಕೆಂಪಗೆ ಮಾಡಿಕೊಂಡು, "ಏನ್ ಸೆಕೆ ನಿಮ್ಮನೇಲಿ" ಅನ್ನಬೇಕು. ಆಗ ಮನೆಯೊಡೆಯ ಎದ್ದು ಕಿಟಕಿ ತೆರೆಯುತ್ತಾನೆ. ಅದು ಮರ್ಯಾದೆ. ಊಟ ಚೆನ್ನಾಗಿರಲಿಲ್ಲ ಎಂದರೆ ಸಹಿಸಿಕೊಳ್ಳುತ್ತೇವೆ. ಅವರ ಮನೆಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದೆವು ಎಂದು ಯಾರಾದರೂ ಹೇಳಿದರೆ ಆ ಮನೆಯವರು ಮೂರು ತಲೆಮಾರು ತಲೆ ಎತ್ತುವ ಹಾಗಿಲ್ಲ.

ನಮ್ಮ ಹಜಾರದ ಹೀಟರ್ ನನ್ನ ತಾಯಿಯ ಕಾಲದ್ದು. ಹೊಗೆ ಹೊರಗೆ ಹೋಗಲು ಕೊಳವೆ ಇರಲಿಲ್ಲ. ಉರಿದದ್ದೆಲ್ಲ ಮನೆಯೊಳಗೇ, ಅಂದರೆ ನಮ್ಮೊಳಗೇ. ಅಮ್ಮನ ಎದೆ ಕೆಟ್ಟು, ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿ ಆಸ್ಪತ್ರೆಯಿಂದ ಮನೆಗೆ ಕಳಿಸಿದಾಗ, ಆಕ್ಸಿಜನ್ನೂ ಉರಿಯೂ ಒಂದೇ ಕೋಣೆಯಲ್ಲಿ ಇರಬಾರದು ಎಂದು ನರ್ಸು ಎಚ್ಚರಿಸಿದ್ದಳು. ನಾವು ಯೋಚಿಸಿ ಅಮ್ಮನನ್ನು ಹಿಂದಿನ ಕೋಣೆಗೆ ಸಾಗಿಸಿದೆವು. ಹೀಟರನ್ನಲ್ಲ, ಅಮ್ಮನನ್ನು. ಆ ಆಕ್ಸಿಜನ್ ಕೊಳವೆ ಅಡುಗೆಮನೆಯ ಹೊಸ್ತಿಲವರೆಗೆ ಎಟುಕುತ್ತಿತ್ತು, ಅದರಾಚೆ ಇಲ್ಲ. ಕೊನೆಯ ಎರಡು ವರ್ಷ ಅವಳ ಲೋಕ ಅಷ್ಟೇ. ಆಗ ನಮಗೆ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ ಎಂಬುದನ್ನು ನೆನೆದರೆ ಈಗ ನನ್ನ ಮೇಲೇ ನನಗೆ ಅಸಹ್ಯ.

ಕಳೆದ ಮಾರ್ಚಿನಲ್ಲಿ ನನ್ನ ಸರದಿ ಬಂತು. ನಾನು ಏಡಿ ಕಾರ್ಖಾನೆಯಲ್ಲಿ ಚಿಪ್ಪು ಒಡೆಯುವವಳು, ಇಪ್ಪತ್ತು ವರ್ಷದ ಕೈ. ಕಾರ್ಖಾನೆಯ ಹದಿನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲಬೇಕಾಯಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಮಾಕರೇನಾ ಎಂಬ ಚಿಕ್ಕ ವಯಸ್ಸಿನ ಹೆಂಗಸು ಒಂದು ಯಂತ್ರದೊಳಗೆ ಊದಿಸಿದರು. ನೂರಕ್ಕೆ ಐವತ್ತೆರಡು ಬಂತು. ಶಾಲೆಯಲ್ಲೂ ನನಗೆ ಅಷ್ಟೇ ಬರುತ್ತಿತ್ತು, ಆದರೆ ಅಲ್ಲಿ ಅದಕ್ಕೆ ಪಾಸು ಮಾಡುತ್ತಿದ್ದರು.

"ಮನೇಲಿ ಬಿಸಿಗೆ ಏನಿಟ್ಟಿದೀರಿ?" ಅಂತ ಕೇಳಿದರು.

"ಗ್ಯಾಸು. ಎಲ್ಲರ ಮನೇಲೂ ಅದೇ."

"ಹೊಗೆ ಹೋಗಕ್ಕೆ ಕೊಳವೆ ಇದೆಯಾ?"

"ಕಿಟಕಿ ಇದೆ."

ಅವರು ಪೆನ್ನು ಕೆಳಗಿಟ್ಟು, ಇಲ್ಲಿನ ಮರ್ಯಾದೆಯಂತೆ ನನ್ನನ್ನು ದೋನ್ಯಾ ಎಂದು ಕರೆದರು. "ನೋಡಿ ದೋನ್ಯಾ ಎದುವಿನಾ, ನಿಮ್ಮ ಎದೆ ಥಂಡಿಯಿಂದ ಹಾಳಾಗಿಲ್ಲ, ಆ ಹೀಟರಿಂದ ಹಾಳಾಗಿದೆ. ಅದನ್ನ ಮನೆಯಿಂದ ಆಚೆ ಹಾಕಿ. ಸೆಪ್ಟೆಂಬರಲ್ಲಿ ಮತ್ತೆ ಊದಿಸ್ತೀನಿ. ಐವತ್ತಕ್ಕಿಂತ ಕೆಳಗೆ ಹೋಯ್ತೂಂದ್ರೆ ನಿಮಗೂ ನಿಮ್ಮ ತಾಯಿಗೆ ಹಾಕಿದ್ದೇ ಕೊಳವೆ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಬನಿಯನ್ನಿನಲ್ಲಿ ಕೂತು ಮಾಟೆ ಸೊಪ್ಪಿನ ಕಷಾಯ ಹೀರುತ್ತಿದ್ದ.

"ಆ ಹುಡುಗಿ ಯಾವ ಕಡೆಯವಳು?"

"ಉತ್ತರದವಳು."

"ಅಷ್ಟೇ ಮತ್ತೆ. ಬಿಸಿಲಲ್ಲಿ ಹುಟ್ಟಿದೋಳಿಗೆ ಗ್ಯಾಸಿನ ಬಗ್ಗೆ ಏನ್ ಗೊತ್ತು. ನಿನ್ನ ಎದೆಗೆ ಹೊಡೆದಿರೋದು ಏಡಿ ಕಾರ್ಖಾನೆ ಥಂಡಿ, ಮುದುಕಿ. ಹೀಟರ್ ಹತ್ರ ಎಳ್ಕೊಂಡು ಕೂತ್ಕೋ, ಸರಿಹೋಗುತ್ತೆ."

ಏಪ್ರಿಲ್‌ನಲ್ಲಿ ಗಾಳಿ ಕಂಪನಿಯವರು ನಮ್ಮ ಬಡಾವಣೆಯ ಸಭಾಭವನಕ್ಕೆ ಬಂದರು. ನಮ್ಮ ಬಯಲಿನ ಗಾಳಿಯನ್ನು ರೆಕ್ಕೆಯಂತ್ರಗಳಲ್ಲಿ ಹಿಡಿದು, ಅದರಿಂದ ಇಂಧನ ಮಾಡಿ, ಹಡಗಿಗೆ ತುಂಬಿ ಜರ್ಮನಿಗೆ ಕಳಿಸುವ ಕಂಪನಿ. ಭೂಮಿಯನ್ನು ಉಳಿಸುತ್ತಾರಂತೆ. ಜರ್ಮನಿಯ ಭೂಮಿಯನ್ನು ಮೊದಲು ಉಳಿಸಿ, ಮಿಕ್ಕಿದರೆ ನಮ್ಮದು. ಅಷ್ಟರಲ್ಲಿ ನಮಗೂ ಏನಾದರೂ ಕೊಟ್ಟ ಹಾಗೆ ಇರಲಿ ಎಂದು ಆರು ಮನೆಗಳಿಗೆ ಪುಕ್ಕಟೆ ಹೀಟ್ ಪಂಪ್. ಹೊರಗಿನ ತಣ್ಣನೆ ಗಾಳಿಯಿಂದಲೇ ಬಿಸಿ ಹಿಂಡಿ ಒಳಗೆ ಬಿಡುವ ಯಂತ್ರ, ಕರೆಂಟಿನಲ್ಲಿ ಓಡುತ್ತದೆ, ಉರಿಯಿಲ್ಲ, ಹೊಗೆಯಿಲ್ಲ. ಕಲ್ಲಿನಿಂದ ನಾರು ತೆಗೆದ ಹಾಗೆ ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು. ನನಗೆ "ಹೊಗೆಯಿಲ್ಲ" ಅನ್ನುವುದೊಂದೇ ಕೇಳಿಸಿತು.

ರಾಜಧಾನಿ ಸ್ಯಾಂಟಿಯಾಗೊದಿಂದ ಬಂದಿದ್ದ ಇಂಜಿನಿಯರ್ ವಿಸೆಂತೆ ತೆಳ್ಳನೆ ಜಾಕೀಟು ಹಾಕಿಕೊಂಡು ನಡುಗುತ್ತಾ ಷರತ್ತುಗಳನ್ನು ಓದಿದ. ನಮ್ಮ ಚಳಿಗಾಲ ಪೂರ್ತಿ, ಅಂದರೆ ಮೇಯಿಂದ ಆಗಸ್ಟ್‌ವರೆಗೆ, ಮನೆಯ ಗ್ಯಾಸ್ ಮೀಟರಿಗೆ ಸೀಲು, ಅಡುಗೆಗೆ ಕರೆಂಟಿನ ಒಲೆ. ಗೋಡೆಯ ಮೇಲೆ ಒಂದು ಬಿಳಿ ಡಬ್ಬಿ. ಮನೆಯೊಳಗೆ ಎಷ್ಟು ಡಿಗ್ರಿ, ಯಂತ್ರ ಎಷ್ಟು ಕರೆಂಟು ತಿಂದಿತು, ಎರಡನ್ನೂ ಅದು ಬರೆದುಕೊಳ್ಳುತ್ತದೆ. ಗೊತ್ತುಮಾಡಿದಷ್ಟು ಕರೆಂಟಿನಲ್ಲಿ ಆಗಸ್ಟ್ ಕೊನೆಯವರೆಗೆ ಮನೆ ಬೆಚ್ಚಗಿದ್ದರೆ ಯಂತ್ರ ನಮ್ಮದು. ಇಲ್ಲದಿದ್ದರೆ ಅದನ್ನು ಕಿತ್ತುಕೊಂಡು ಹೋಗಿ ಗ್ಯಾಸನ್ನು ಮತ್ತೆ ಬಿಡುತ್ತಾರೆ.

ಮನೆ ನನ್ನ ತಾಯಿಯಿಂದ ನನ್ನ ಹೆಸರಿಗೆ ಬಂದದ್ದು. ಗಂಡ ಇಸ್ಪೀಟಿಗೆ ಹೋದಾಗ ಸಹಿ ಹಾಕಿದೆ. ಅವನು ಎರಡು ದಿನ ಊಟ ಬಿಟ್ಟ, ಅಂದರೆ ನಾನು ನೋಡುವಾಗ ಬಿಟ್ಟ.

ಮೇ ತಿಂಗಳಲ್ಲಿ ಯಂತ್ರದ ಹೊರಗಿನ ಭಾಗವನ್ನು ಪಶ್ಚಿಮದ ಗೋಡೆಗೆ ಜಡಿದರು. "ಗಾಳಿ ಆ ಕಡೆಯಿಂದಲೇ ಹೊಡಿಯೋದು, ಅಲ್ಲಿ ಬೇಡ" ಎಂದೆ. "ನಕ್ಷೇಲಿ ಇಲ್ಲೇ ತೋರಿಸಿದಾರೆ, ದೋನ್ಯಾ" ಅಂದ ಇಂಜಿನಿಯರ್. ಮೂರನೇ ದಿನಕ್ಕೆ ಫ್ಯಾನು ಹಿಂದುಮುಂದಾಗಿ ತಿರುಗಿ, ಕಿರುಚಿ, ನಿಂತಿತು. ಗಾಳಿಯನ್ನೇ ಮಾರಲು ಹೊರಟವರಿಗೆ ಗಾಳಿ ಯಾವ ಕಡೆಯಿಂದ ಬರುತ್ತದೆಂದು ಏಡಿ ಒಡೆಯುವವಳು ಹೇಳಿಕೊಡಬೇಕಾಯಿತು. ಕಿತ್ತು ಪೂರ್ವಕ್ಕೆ, ಶೆಡ್ಡಿನ ಮರೆಗೆ ಹಾಕಿದ ಮೇಲೆ ಒಂದು ದಿನವೂ ತಕರಾರು ಮಾಡಲಿಲ್ಲ.

ಇಪ್ಪತ್ತೊಂದು ಡಿಗ್ರಿ. ಅದಕ್ಕೆ ಗೊತ್ತುಮಾಡಿದ್ದು ಅಷ್ಟು. ಅಷ್ಟಾದರೆ ಯಂತ್ರ ನಿದ್ದೆ ಮಾಡುತ್ತದೆ, ಕಡಿಮೆಯಾದರೆ ಏಳುತ್ತದೆ. ಇಪ್ಪತ್ತೊಂದರಲ್ಲಿ ಒಂದು ಸ್ವೆಟರ್ ಸಾಕು. ಹಳೆ ಹೀಟರನ್ನು ಗುಜರಿಯವನಿಗೆ ಕೊಟ್ಟೆ. ಎರಡು ವಾರ ಕಳೆಯುವಷ್ಟರಲ್ಲಿ ಹದಿನಾಲ್ಕು ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಿದೆ. ಮೇಲೆ ನಿಂತು ಸುತ್ತ ನೋಡಿದೆ, ಯಾರಾದರೂ ಕಂಡಿದ್ದಾರೆಯೇ ಎಂದು. ಯಾರೂ ಇರಲಿಲ್ಲ. ಆದರೂ ಅವತ್ತಿಡೀ ನಾನು ಒಳಗೊಳಗೇ ನಗುತ್ತಿದ್ದೆ.

ಜೂನಿನ ಮೊದಲ ಗುರುವಾರ ಬಾಲ್ದೊಮೆರೊನ ಇಸ್ಪೀಟು ಬಳಗ ನಮ್ಮ ಮನೆಗೆ ಬಂತು. ಪ್ರತಿ ಗುರುವಾರ ಸಂಜೆ ಅವರು ಬರುತ್ತಾರೆ, ನಾನು ಬಿಂಗೊ ಆಟಕ್ಕೆ ಹೋಗುತ್ತೇನೆ. ಅವತ್ತು ಕರಿದ ರೊಟ್ಟಿ ಇಟ್ಟು ಹೋಗೋಣವೆಂದು ಸ್ವಲ್ಪ ಹೊತ್ತು ನಿಂತಿದ್ದೆ. ಅವರಲ್ಲಿ ವುಕಾಸೊವಿಚ್ ಅನ್ನುವವನು ಗಂಡನ ಜೊತೆ ಬಾವಿಗಳಲ್ಲಿ ದುಡಿದವನು, ಎಮ್ಮೆಯ ಮೈ. ಅವನು ಬಾಗಿಲಲ್ಲಿ ಕೋಟಿನ ಮೊದಲ ಗುಂಡಿ ಬಿಚ್ಚಿದ, ಗಾಳಿಯನ್ನು ಮೂಸಿದವನ ಹಾಗೆ ನಿಂತ, ಮತ್ತೆ ಗುಂಡಿ ಹಾಕಿಕೊಂಡ.

"ಪರವಾಗಿಲ್ಲ ಬಿಡು ಬಾಲ್ದೊ," ಅಂದ. "ನಮ್ಮ ಅಪ್ಪನ ಹೆಣ ಇಟ್ಟಿದ್ದಾಗ ಇಗರ್ಜಿಲೂ ಹೀಗೇ ಇತ್ತು. ಅಭ್ಯಾಸ ಇದೆ ನಂಗೆ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿಯ ನಗು. ಮಾರನೇ ದಿನ ಪಕ್ಕದ ಮನೆಯ ಸೊಯ್ಲಾ ಬೇಲಿಯ ಮೇಲಿಂದ, "ಏನೇ ಎದುವಿನಾ, ನಿಮ್ಮನೇಲಿ ಈಗ ಮಾಂಸ ಕೆಡಲ್ವಂತೆ, ಫ್ರಿಜ್ ಮಾರ್ತೀಯಾ?" ಎಂದು ಕೇಳಿದಳು. ನಾನು ಮೆಟ್ಟಿಲು ಹತ್ತಿದ್ದನ್ನು ನೆನೆದು ಒಳಗೆ ನಡೆದೆ.

ಅದಾದ ಮೇಲೆ ಬಾಲ್ದೊಮೆರೊ ಇದ್ದಕ್ಕಿದ್ದಂತೆ ಒಳ್ಳೆಯವನಾದ. ಯಂತ್ರವನ್ನು ಬೈಯುವುದು ನಿಲ್ಲಿಸಿದ. ನಾನು ನಾಲ್ಕು ಗಂಟೆಗೆ ಕೆಲಸ ಮುಗಿಸಿ ಬಂದರೆ ಮನೆ ಹಿತವಾಗಿ ಬೆಚ್ಚಗಿರುತ್ತಿತ್ತು, ಕಿಟಕಿ ತೆರೆದಿರುತ್ತಿತ್ತು. "ಯಂತ್ರ ಪಳಗಿತು ನೋಡು," ಅನ್ನುತ್ತಿದ್ದ, "ಕುದುರೆ ಇದ್ದ ಹಾಗೆ, ಮೊದಲು ಮೊಂಡು ಮಾಡುತ್ತೆ." ಬೇರೆ ಯಾವ ಊರಿನಲ್ಲಾದರೂ ನಡು ಚಳಿಗಾಲದಲ್ಲಿ ತೆರೆದ ಕಿಟಕಿ ಕಂಡರೆ ಹೆಂಡತಿಯಾದವಳು ಅನುಮಾನ ಪಡುತ್ತಾಳೆ. ನಮ್ಮೂರಿನಲ್ಲಿ ಮುಚ್ಚಿದ ಕಿಟಕಿ ಕಂಡರೆ ಅನುಮಾನ. ಗಾಜಿನ ಮೇಲೆ ನೀರು ಹನಿಹನಿಯಾಗಿ ಇಳಿಯುತ್ತಿದ್ದುದನ್ನು ನೋಡಿದೆ. ಕಷಾಯದ ನೀರು ಕುದಿಸಿದ್ದೆ ಎಂದ. ವಾಸನೆಯೇನಾದರೂ ಬಂತೇ ಎಂದು ಕೇಳಬೇಡಿ. ಇಪ್ಪತ್ತು ವರ್ಷ ಏಡಿ ಒಡೆದವಳ ಮೂಗಿಗೆ ಏಡಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಜುಲೈ ಹೊತ್ತಿಗೆ ಮೆಟ್ಟಿಲಲ್ಲಿ ಮತ್ತೆ ಒಂದು ಸಲ ನಿಂತೆ. ತಿಂಗಳ ಕೊನೆಗೆ ಮೂರು ಸಲ. ಗುರುವಾರ ರಾತ್ರಿ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಬಾಲ್ದೊಮೆರೊ ಬೆನ್ನು ನೀವುತ್ತಾ ಮೆಲ್ಲಗೆ ಹೇಳುತ್ತಿದ್ದ:

"ನೋಡ್ದ್ಯಾ ಮುದುಕಿ. ಗ್ಯಾಸ್ ಹೋಗಿ ಎರಡು ತಿಂಗಳಾಯ್ತು. ನಿನ್ನ ಕೆಮ್ಮು ಹೋಯ್ತಾ? ಪಾಪ, ಗ್ಯಾಸಿನ ಮೇಲೆ ಅಪವಾದ ಹೊರಿಸಿದ್ರಿ ನೀವೆಲ್ಲ."

ಒಂದು ಭಾನುವಾರ, ಕಲಫಾತೆ ಹಣ್ಣಿನ ಜಾಮ್ ಸವರಿದ ರೊಟ್ಟಿ ತಿನ್ನುತ್ತಾ ನಾನು ಅವನ ಕ್ಷಮೆ ಕೇಳಿದೆ. ಹೌದು, ಕೇಳಿದೆ. ನಿನ್ನ ಮಾತು ಕೇಳದೆ ಮೀಟರಿಗೆ ಸೀಲು ಹಾಕಿಸಿದೆ, ಜನರ ಮುಂದೆ ನಿನ್ನ ಮರ್ಯಾದೆ ಕಳೆದೆ, ತಪ್ಪಾಯಿತು ಎಂದೆ. ಅವನು ನನ್ನ ತಲೆ ಸವರಿ, "ಹೋಗ್ಲಿ ಬಿಡು" ಅಂದ. ಸೆಪ್ಟೆಂಬರಿನಲ್ಲಿ ಐವತ್ತು ದಾಟುವುದಿಲ್ಲವೆಂದು ನನಗೆ ಖಾತ್ರಿಯಾಗಿತ್ತು. ಹಿಂದಿನ ಕೋಣೆಯ ಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲಿಗೆ ಎಷ್ಟು ಹೆಜ್ಜೆ ಎಂದು ಮನಸ್ಸಿನಲ್ಲೇ ಎಣಿಸತೊಡಗಿದ್ದೆ.

ಆಗಸ್ಟ್ ಎರಡನೇ ವಾರ, ಮಂಗಳವಾರ ಮಧ್ಯಾಹ್ನ, ಇಂಜಿನಿಯರ್ ವಿಸೆಂತೆ ನನ್ನನ್ನು ಹುಡುಕಿಕೊಂಡು ಕಾರ್ಖಾನೆಯ ಬಾಗಿಲಿಗೇ ಬಂದ. ಮುಖ ಹಬ್ಬದ ಹಾಗಿತ್ತು.

"ದೋನ್ಯಾ ಎದುವಿನಾ, ಆರು ಮನೇಲಿ ನಿಮ್ಮನೇನೇ ಫಸ್ಟು. ಶುಕ್ರವಾರ ಉಪಮಂತ್ರಿಗಳು ಬರ್ತಿದಾರೆ, ಜರ್ಮನಿಯವರೂ ಬರ್ತಿದಾರೆ, ನಿಮ್ಮನೇಗೇ. ಇಲ್ಲಿ ನೋಡಿ."

ಕೈಯಲ್ಲಿದ್ದ ಹಲಗೆಯಂಥ ಫೋನಿನಲ್ಲಿ ಎರಡು ಗೆರೆ. ಕೆಂಪು ಗೆರೆ ಮನೆಯ ಬಿಸಿಯಂತೆ, ನೀಲಿ ಗೆರೆ ಯಂತ್ರ ತಿಂದ ಕರೆಂಟಂತೆ.

"ಬೆಳಿಗ್ಗೆ ಇಪ್ಪತ್ತೊಂದು. ನೀವು ಕೆಲಸಕ್ಕೆ ಹೊರಟ ಮೇಲೆ ನೋಡಿ, ಹತ್ತು ಗಂಟೆಗೆ ಇಪ್ಪತ್ಮೂರು, ಹನ್ನೆರಡಕ್ಕೆ ಇಪ್ಪತ್ತಾರು. ಗುರುವಾರ ಗುರುವಾರ ಸಂಜೆ ಇಪ್ಪತ್ತೇಳು. ಕರೆಂಟು ಮಾತ್ರ ಹತ್ತಿರ ಹತ್ತಿರ ಸೊನ್ನೆ."

"ಸೊನ್ನೆ ಅಂದ್ರೆ?"

"ಅಂದ್ರೆ ಆಗ ಯಂತ್ರ ಓಡ್ತಾನೇ ಇಲ್ಲ. ನಿಮ್ಮನೆ ಬಿಸಿನ ಹಿಡಿದಿಟ್ಕೊಳ್ಳುತ್ತೆ ದೋನ್ಯಾ. ಹಳೇ ಮರದ ಗೋಡೆ. ಅದ್ಭುತ. ವರದಿ ಆಗ್ಲೇ ಜರ್ಮನಿಗೆ ಹೋಯ್ತು. ಇದರ ಆಧಾರದ ಮೇಲೆ ಮುಂದಿನ ವರ್ಷ ಮುನ್ನೂರು ಮನೆ."

ನಾನು ಆರನೇ ಕ್ಲಾಸು ಓದಿದವಳು. ಅವನು ಸ್ಯಾಂಟಿಯಾಗೊದಲ್ಲಿ ಐದು ವರ್ಷ, ಅದರ ಮೇಲೆ ವಿದೇಶದಲ್ಲಿ ಎರಡು ವರ್ಷ ಓದಿ, ಬಿಸಿಯ ವಿಷಯದಲ್ಲೇ ದೊಡ್ಡ ಪದವಿ ಪಡೆದವನು. ಇಟ್ಟ ಬಿಸಿ ಇದ್ದಲ್ಲೇ ಇರಬಹುದು, ಇಳಿಯಬಹುದು. ಒಲೆಯಿಲ್ಲದೆ ಇಪ್ಪತ್ತೊಂದರಿಂದ ಇಪ್ಪತ್ತೇಳಕ್ಕೆ ಏರುತ್ತದೆಯೇ? ಒಲೆ ಮುಟ್ಟಿದ ಯಾವ ಹೆಂಗಸಿಗೂ ಗೊತ್ತಿರುವ ಈ ಸಂಗತಿ ಅವನ ಎರಡು ಗೆರೆಗಳ ನಡುವೆ ಎಲ್ಲೋ ಬಿದ್ದುಹೋಗಿತ್ತು. ಗುರುವಾರ ಗುರುವಾರ ಇಪ್ಪತ್ತೇಳು. ನಾನು ಬಿಂಗೊ ಆಡುವ ಹೊತ್ತು.

"ಭಲೇ ಜಾಣ ನೀನು," ಎಂದೆ, ಮನೆಯಲ್ಲಿದ್ದ ಗಂಡನಿಗೆ, ಇಂಜಿನಿಯರಿಗಲ್ಲ. ಅವನು ತನಗೇ ಅಂದುಕೊಂಡು ಮುಗುಳ್ನಕ್ಕ.

ನಾಲ್ಕಕ್ಕೆ ಕೆಲಸ ಮುಗಿಸಿ ಮನೆಗೆ ಹೋದೆ. ಬಾಲ್ದೊಮೆರೊ ರೊಟ್ಟಿ ತರಲು ಹೋಗಿದ್ದ, ಕಿಟಕಿ ತೆರೆದಿತ್ತು. ನಾನು ಪ್ರತಿ ಶನಿವಾರ ಮರದ ನೆಲಕ್ಕೆ ಮೇಣ ಉಜ್ಜುವವಳು. ಮಂಡಿಯೂರಿ ಓರೆಯಾಗಿ ನೋಡಿದರೆ ಮೇಣದ ಮೇಲೆ ಸಣ್ಣ ಚಕ್ರಗಳ ಎರಡು ಗೀಟು. ಹಜಾರದ ನಡುವಿನಿಂದ ಹೊರಟು, ಅಡುಗೆಮನೆಯ ಹೊಸ್ತಿಲು ಸವರಿ, ನೇರ ಹಿಂದಿನ ಕೋಣೆಗೆ. ಅಮ್ಮ ಹೋದ ಮೇಲೆ ನಾನು ಆ ಕೋಣೆಗೆ ಕಾಲಿಡುವುದಿಲ್ಲ, ಅದು ಅವನಿಗೆ ಗೊತ್ತು. ಬಾಗಿಲು ತೆರೆದೆ. ಅಮ್ಮನ ಮಂಚದ ಪಕ್ಕ, ಅವಳು ಕೈಯಾರೆ ಹೆಣೆದ ಬಿಳಿ ಹೊದಿಕೆಯ ಅಡಿಯಲ್ಲಿ, ಸಿಲಿಂಡರ್ ಒಳಗಿಟ್ಟು ಉರಿಸುವ ಹೀಟರ್ ಒಂದು ನಿಂತಿತ್ತು. ಮುಟ್ಟಿದೆ. ಇನ್ನೂ ಬಿಸಿಯಿತ್ತು.

ಬಾಲ್ದೊಮೆರೊ ರೊಟ್ಟಿಯ ಚೀಲ ಹಿಡಿದು ಬಂದಾಗ ನಾನು ಆ ಮಂಚದ ಮೇಲೆ ಕೂತಿದ್ದೆ.

"ಯಾವಾಗಿಂದ?"

ಅವನು ಸುಳ್ಳು ಹುಡುಕಿದ, ಸಿಗಲಿಲ್ಲ. "ಜೂನಿಂದ."

"ನಾನು ಕ್ಷಮೆ ಕೇಳ್ದಾಗಲೂ ಇತ್ತಾ ಇದು?"

ಅವನು ರೊಟ್ಟಿಯ ಚೀಲವನ್ನು ನೆಲಕ್ಕಿಟ್ಟ.

"ಗ್ಯಾಸಿನ ಪರವಾಗಿ ನೀನೇ ಕ್ಷಮಿಸಿಬಿಟ್ಯಲ್ಲೋ ನನ್ನ. ತಲೆ ಬೇರೆ ಸವರಿದೆ."

"ಎದು, ವುಕಾಸೊವಿಚ್ ಕೋಟು ಹಾಕ್ಕೊಂಡೇ ಇಸ್ಪೀಟಾಡಿದ. ನನ್ನ ಮನೇಲಿ. ನಲವತ್ತು ವರ್ಷದ ಸ್ನೇಹಿತ ನನ್ನ ಮನೇಲಿ ಕೋಟು ಬಿಚ್ಚಲಿಲ್ಲ. ನಿಂಗೆ ಅದು ಗೊತ್ತಾಗಲ್ಲ."

"ನಂಗೆ ಉಸಿರು ಹೋಗ್ತಿದ್ದದ್ದು ನಿಂಗೆ ಗೊತ್ತಾಗ್ಲಿಲ್ವಾ?"

ಆಗ ಅವನು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ತುಂಬಾ ನೊಂದವನ ಹಾಗೆ, ನ್ಯಾಯ ಕೇಳುವವನ ಹಾಗೆ ಹೇಳಿದ:

"ನಿಂಗೋಸ್ಕರ ಕಿಟಕಿ ತೆಗೀತಿದ್ನಲ್ಲ. ನೀನು ಬರೋ ಅರ್ಧ ಗಂಟೆ ಮುಂಚೆ, ದಿನಾ. ಒಂದಿನಾನೂ ತಪ್ಪಿಸಿಲ್ಲ."

ಅವನು ನಿಜವಾಗಿಯೂ ಹಾಗೆಯೇ ನಂಬಿದ್ದ. ದುಷ್ಟನಾಗಿದ್ದರೆ ಒಂದು ಏಟು ಕೊಟ್ಟು ಮುಗಿಸಬಹುದಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ಈ ಬೆಕ್ಕು ಹಾಲು ಕುಡಿದ ಮೇಲೆ ಬಟ್ಟಲು ತೊಳೆದಿಟ್ಟದ್ದಕ್ಕೆ ಮೆಚ್ಚುಗೆಯನ್ನೂ ಬಯಸುತ್ತಿತ್ತು. ನಾನು ಮೂರು ದಿನ ಆ ಹೀಟರನ್ನು ಅಲ್ಲಿಂದ ಕದಲಿಸಲಿಲ್ಲ, ಅವನಿಗೂ ಮುಟ್ಟಗೊಡಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನೇ ಅದನ್ನು ತಳ್ಳಿಕೊಂಡು ಬಂದು ಹಜಾರದ ನಟ್ಟನಡುವೆ ನಿಲ್ಲಿಸಿ ಹೊತ್ತಿಸಿದೆ. ಕಿಟಕಿಯ ಬಳಿ ಮೂಗಿಗೆ ಕರವಸ್ತ್ರ ಹಿಡಿದು ನಿಂತೆ. ಉಪಮಂತ್ರಿ ಬರುವ ಒಂದು ಗಂಟೆ ಮೊದಲು ಇಂಜಿನಿಯರ್ ವಿಸೆಂತೆ ಬಂದ. ಹೀಟರ್ ನೋಡಿದ. ಗೋಡೆಯ ಬಿಳಿ ಡಬ್ಬಿ ನೋಡಿದ. ಅವನ ಕೆಂಪು ಗೆರೆಯೆಲ್ಲ ಮುಖಕ್ಕೇ ಬಂತು.

"ಇದು... ಎಷ್ಟು ದಿನದಿಂದ, ದೋನ್ಯಾ?"

"ನಿಮ್ಮ ಗುರುವಾರಗಳನ್ನ ಎಣಿಸ್ಕೊಳಿ."

ಅವನು ಕುರ್ಚಿಯ ಮೇಲೆ ಕುಸಿದ. ನಾನು ಅಂದುಕೊಂಡೆ, ಈಗ ಇವನು ನಾಚಿಕೊಳ್ಳುತ್ತಾನೆ, ಫೋನ್ ಮಾಡಿ ಕಾರ್ಯಕ್ರಮ ನಿಲ್ಲಿಸುತ್ತಾನೆ. ಎಂಥ ಹೆಡ್ಡಿ ನಾನು.

"ನೀವು ಇದನ್ನ ಹೇಳಿದ್ರೆ ನಿಮ್ಮನೆ ಯೋಜನೆಯಿಂದ ಆಚೆ. ನಿಯಮ ಹಾಗಿದೆ. ಯಂತ್ರ ಕೀಳಬೇಕಾಗುತ್ತೆ, ಗ್ಯಾಸ್ ವಾಪಸ್ ಬರುತ್ತೆ," ಅಂದ. ಆಮೇಲೆ ದನಿ ತಗ್ಗಿಸಿ, "ಒಂದೇ ಒಂದು ಗಂಟೆ ಒಳಗೆ ಇಟ್ಬಿಡೋಣ. ಫೋಟೋ ಮುಗಿಯೋವರೆಗೆ."

ಬಾಲ್ದೊಮೆರೊ ತಕ್ಷಣ ಎದ್ದ. ಆ ಕ್ಷಣದವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಗಂಡ ಅವನನ್ನು ಗಾಳಿಗಳ್ಳ ಅನ್ನುತ್ತಿದ್ದ, ಅವನು ಇವನನ್ನು ಹಿಂದಿನ ಶತಮಾನದವನು ಅನ್ನುತ್ತಿದ್ದ. ಈಗ ಒಬ್ಬ ಆ ಕಡೆ, ಒಬ್ಬ ಈ ಕಡೆ ಹೀಟರಿನ ಕಿವಿ ಹಿಡಿದು, "ನಿಧಾನ, ನಿಧಾನ", "ಹೊಸ್ತಿಲು ನೋಡ್ಕೊಳ್ಳಿ ಸಾರ್" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಅಮ್ಮನ ಕೋಣೆಯ ಕಡೆ ತಳ್ಳತೊಡಗಿದರು. ಗ್ಯಾಸಿನ ಮುಂದಿನ ಗತಿಯೇನು, ಭೂಮಿಯ ಮುಂದಿನ ಗತಿಯೇನು ಎಂದು ಟಿ.ವಿ.ಯಲ್ಲಿ ಕಿತ್ತಾಡುವ ಎರಡು ಪಕ್ಷಗಳೂ ಕೊನೆಗೆ ಒಂದಾದದ್ದನ್ನು ನಾನು ಕಣ್ಣಾರೆ ಕಂಡೆ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಈ ಕೋಣೆಗೆ ಬೇಡ. ನಿಮ್ಮ ವ್ಯಾನಿಗೆ."

"ದೋನ್ಯಾ—"

"ಮೊದಲು ಕಾಗದ ಬರೀರಿ. ಯಂತ್ರ ಈ ಮನೆಯದ್ದು, ಯಾವತ್ತೂ ಕೀಳಲ್ಲ, ಗ್ಯಾಸ್ ಮೀಟರ್ ವಾಪಸ್ ಬರಲ್ಲ ಅಂತ. ಸಹಿ, ಮೊಹರು. ಆಮೇಲೆ ಇದನ್ನ ವ್ಯಾನಿಗೆ ಹಾಕಿ. ಆಮೇಲೆ ನಿಮ್ಮ ಉಪಮಂತ್ರಿ ಬರ್ಲಿ, ನಾನು ಹಲ್ಲು ಕಿರಿದು ನಿಲ್ತೀನಿ. ಇಲ್ಲಾಂದ್ರೆ ಆ ಜರ್ಮನಿಯವ್ರಿಗೆ ಇದರ ಮೇಲೇ ರೊಟ್ಟಿ ಸುಟ್ಟು ಕೊಡ್ತೀನಿ."

ಬರೆದ. ವ್ಯಾನಿನಿಂದ ಮೊಹರು ತಂದು ಒತ್ತಿದ. ಹೀಟರ್ ವ್ಯಾನಿಗೆ ಹೋಯಿತು. ನಾನೂ ಈಗ ಆ ಸುಳ್ಳಿನ ಪಾಲುದಾರಳು. ಬೇರೆಯವರ ಮೇಲೆ ಬೆರಳು ತೋರಿಸುವಾಗ ಅದನ್ನೂ ಹೇಳಿಬಿಡುವುದು ಮೇಲು.

ಉಪಮಂತ್ರಿ ಬಂದರು. ಮನೆ ಇನ್ನೂ ಕಾದಿತ್ತು; ಬಂದವರೆಲ್ಲ ಕೋಟು ಕಳಚಿದರು, ಆಹಾ ಓಹೋ ಅಂದರು. ಹೊಗೆಯಿಲ್ಲದ ನಾಳೆ ಎಂದು ಉಪಮಂತ್ರಿ ಭಾಷಣ ಮಾಡಿದರು. ಸೊಯ್ಲಾ ಬಾಗಿಲಲ್ಲಿ ನಿಂತು ಬಾಯಿ ತೆರೆದು ನೋಡುತ್ತಿದ್ದಳು. ಸೆಕೆ ಹೆಚ್ಚಾಯಿತೆಂದು ಬಾಲ್ದೊಮೆರೊ ಅಭ್ಯಾಸಬಲದಿಂದ ಎದ್ದುಹೋಗಿ ಕಿಟಕಿಯನ್ನು ಇನ್ನಷ್ಟು ತೆರೆದ. ಅಷ್ಟು ಜನರಲ್ಲಿ ಒಬ್ಬನೇ ಒಬ್ಬ ಜರ್ಮನಿಯವನು, ಬಿಳಿ ಹುಬ್ಬಿನ ಮುದುಕ, ಕಿಟಕಿಯನ್ನೂ ಯಂತ್ರವನ್ನೂ ನೋಡಿ ಇಂಜಿನಿಯರಿಗೆ ಏನೋ ಕೇಳಿದ. ಏನು ಕೇಳಿದನೆಂದು ನಾನು ಇಂಜಿನಿಯರನ್ನು ವಿಚಾರಿಸಿದೆ.

"ಚಳೀಲಿ ಕಿಟಕಿ ಯಾಕೆ ತೆಗ್ದಿದೆ ಅಂತ."

"ನೀವ್ ಏನಂದ್ರಿ?"

"ಅದು ಇಲ್ಲಿನ ಸಂಸ್ಕೃತಿ ಅಂದೆ."

ಮುದುಕ ತಲೆದೂಗಿ ಪುಸ್ತಕದಲ್ಲಿ ಬರೆದುಕೊಂಡ.

ಮುಂದಿನ ವರ್ಷದ ಮುನ್ನೂರು ಮನೆಗಳ ಪಟ್ಟಿ ಬಂತು. ನನ್ನ ಮನೆಯ ಎರಡು ಗೆರೆಗಳನ್ನೇ ಬಣ್ಣದಲ್ಲಿ ಅಚ್ಚು ಹಾಕಿಸಿ ಹಂಚಿದ್ದಾರೆ. ಸೊಯ್ಲಾಳ ಹೆಸರೂ ಇದೆ. "ನಿಮ್ಮಷ್ಟೇ ಬಿಸಿ ಬರುತ್ತಂತೆ ಕಣೇ ನಮ್ಮನೇಲೂ, ಇಪ್ಪತ್ತೇಳು," ಎಂದು ಬೇಲಿಯ ಮೇಲಿಂದ ಹೇಳಿದಳು. "ಕೋಟು ಮಾರ್ಬೇಡ, ಸೊಯ್ಲಾ," ಎಂದೆ. ಎದುವಿನಾಗೆ ಸೊಕ್ಕು ಬಂದಿದೆ ಎಂದು ಬೀದಿಗೆಲ್ಲ ಸಾರಿಕೊಂಡು ಬಂದಳು.

ಬಾಲ್ದೊಮೆರೊ ವಾರದೊಳಗೆ ಇನ್ನೊಂದು ಸಿಲಿಂಡರ್ ಹೀಟರ್ ಹೊತ್ತು ತಂದ. ನಾನು ಬಾಗಿಲಲ್ಲಿ ನಿಂತು ಶೆಡ್ಡಿನ ಕಡೆ ಕೈ ತೋರಿಸಿದೆ. ಈಗ ಅವನ ಕುರ್ಚಿ, ಅವನ ರೇಡಿಯೊ, ಅವನ ಕಷಾಯದ ಸೋರೆಬುರುಡೆ ಎಲ್ಲ ಅಲ್ಲೇ. ಗುರುವಾರ ವುಕಾಸೊವಿಚ್ ಬಂದು ಶೆಡ್ಡಿನಲ್ಲಿ ಕೋಟು ಬಿಚ್ಚುತ್ತಾನೆ. ಮರ್ಯಾದೆ ಉಳಿದಿದೆ. ಮಲಗಲು ಮಾತ್ರ ಗಂಡ ಒಳಗೆ ಬರುತ್ತಾನೆ, ಮೂರು ಕಂಬಳಿ ಹೊದೆಯುತ್ತಾನೆ, ಶವ ಕಾಯುವವನ ಹಾಗೆ ನಿಟ್ಟುಸಿರು ಬಿಡುತ್ತಾನೆ. ಬಿಡಲಿ. ಉಸಿರು ಬಿಡುವುದು ಈ ಮನೆಯಲ್ಲಿ ಈಗ ಸುಲಭ.

ಸೆಪ್ಟೆಂಬರಿನ ಮೂರನೇ ಗುರುವಾರ ಡಾಕ್ಟರ್ ಮಾಕರೇನಾ ಊದಿಸಿದರು. ಮೊದಲ ಸಲ ಹೆದರಿ ಅರ್ಧಕ್ಕೇ ನಿಲ್ಲಿಸಿದೆ. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಊದಿದೆ. ಐವತ್ತೈದು.

"ಕೊಳವೆ ಬೇಡ," ಅಂದರು. "ಆಗಸ್ಟಲ್ಲಿ ತಾರೀಕು ಕೇಳಕ್ಕೆ ಫೋನ್ ಮಾಡ್ದಾಗ ಅಷ್ಟು ಕೆಮ್ತಾ ಇದ್ರಿ. ಏನ್ ಮಾಡಿದ್ರಿ?"

"ನಮ್ಮ ಅಮ್ಮಂಗೆ ಹೀಗಾದಾಗ ಅಮ್ಮನ್ನ ಸಾಗಿಸಿದ್ವಿ," ಎಂದೆ. "ಈ ಸಲ ಹೀಟರ್ನ ಸಾಗಿಸಿದೆ." ಹೇಳುತ್ತಿದ್ದಂತೆ ಅಳು ಬಂತು. ಅವರಿಗೆ ಅರ್ಥವಾಗಲಿಲ್ಲ, ಆದರೂ ಕೈ ಹಿಡಿದುಕೊಂಡರು.

ಮನೆಗೆ ಬಂದು ಹಜಾರದ ಕಿಟಕಿಯ ಬಳಿ ಕೂತೆ. ಹೊರಗೆ ಹಿಮ ಹನಿಯುತ್ತಿತ್ತು. ಶೆಡ್ಡಿನ ಬಾಗಿಲು ಸೆಕೆಗೆ ಅರ್ಧ ತೆರೆದಿತ್ತು. ಬಾಲ್ದೊಮೆರೊ ನನ್ನನ್ನು ಕಂಡು ಬನಿಯನ್ನಿನಲ್ಲೇ ಅಂಗಳ ದಾಟಿ ಬಂದು ಗಾಜಿನಾಚೆ ನಿಂತ. ಬಾಯಿ ಆಡಿಸಿದ, ಕೇಳಿಸಲಿಲ್ಲ; ಎಷ್ಟು ಬಂತು ಅಂತ ಇರಬೇಕು. ಐದು ಬೆರಳು ತೋರಿಸಿದೆ, ಮತ್ತೆ ಐದು ಬೆರಳು ತೋರಿಸಿದೆ. ಅವನ ಮುಖ ಒಂದು ಕ್ಷಣ ಮದುವೆಯ ದಿನದ ಮುಖವಾಯಿತು. ಮತ್ತೇನೋ ಹೇಳಿದ. ಕಿಟಕಿ ತೆಗಿ ಎಂದು ಕೈಸನ್ನೆ ಮಾಡಿದ.

ನಾನು ಕಿಟಕಿ ತೆರೆಯಲಿಲ್ಲ. ಬಾಗಿಲು ತೋರಿಸಿದೆ, ಆಮೇಲೆ ಒಳಗೆ ಗೂಟಕ್ಕೆ ನೇತುಹಾಕಿದ್ದ ಅವನ ಕೋಟು ತೋರಿಸಿದೆ, ಪಕ್ಕದ ಕುರ್ಚಿ ತಟ್ಟಿದೆ. ಅವನು ಹಿಮದಲ್ಲಿ ನಿಂತು ಶೆಡ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದ.